ಸ್ಥಿರ ಆಕಾರ, ವಹನ ಆಕಾರ, ನಮ್ಮ ಆಕಾರ

ಕೊನೆಗೂ ಮಹಾರಾಷ್ಟ್ರದ ಸೋಲಾಪುರದ ಕಡೆಯ ನಮ್ಮ ಮನೆಗೆ ಕರೆಂಟಿನ ಸ್ಮಾರ್ಟ್ ಮೀಟರ್ ಬಂತು. ನಾನು ಸೋಲಾಪುರದ ಸಂತೆಗೆ ಹೋಗಿದ್ದೆ. ಇಬ್ಬರು ಹುಡುಗರು ಬಂದು ಹಳೇದು ಕಿತ್ತು, ಹೊಸದು ಕೂಡಿಸಿ, ಅಜ್ಜಿಯ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿದ್ದಾರೆ. ಚಹಾ ಕುಡಿದೇ ಹೋದರಂತೆ. ಪಾಪ, ಒಳ್ಳೆ ಹುಡುಗರು.

ಈ ಮೀಟರಿನ ನಾಮಕರಣದ್ದೇ ಒಂದು ಕಥೆ. ಮೊದಲು ಇದು ಪ್ರಿಪೇಡ್ ಆಗಿತ್ತು. ಮೊಬೈಲಿನ ಹಾಗೆ ಮೊದಲು ರೊಕ್ಕ, ಆಮೇಲೆ ಲೈಟು. ಜನ ಗಲಾಟೆ ಎಬ್ಬಿಸಿದರು. 2024ರ ಜೂನ್‌ನಲ್ಲಿ, ಲೋಕಸಭೆ ಫಲಿತಾಂಶ ಬಂದ ಬಿಸಿಯಲ್ಲೇ, ರಾಜ್ಯದ ಇಂಧನ ಖಾತೆ ಇಟ್ಟುಕೊಂಡಿದ್ದ ದೇವೇಂದ್ರ ಫಡಣವೀಸರು ಸಾಮಾನ್ಯ ಗಿರಾಕಿಗಳಿಗೆ ಅದನ್ನು ಹಾಕುವುದಿಲ್ಲ ಎಂದರು. ನಾವು ಚಪ್ಪಾಳೆ ಹೊಡೆದೆವು. ವಿಧಾನಸಭೆ ಚುನಾವಣೆ ಮುಗಿಯಿತು. ಈಗ ಬಂದಿರುವುದು ಟಿಓಡಿ ಮೀಟರ್. ಬಿಲ್ಲು ತಿಂಗಳ ಕೊನೆಗೇ ಬರುತ್ತದೆ, ಆದ್ದರಿಂದ ಕೊಟ್ಟ ಮಾತು ತಪ್ಪಿಲ್ಲ. ನಮ್ಮ ಕಡೆ ಹಾಯುವ ಎಮ್ಮೆ ಮಾರಾಟವಾಗದಿದ್ದರೆ ಕೊಂಬಿಗೆ ಬಣ್ಣ ಹಚ್ಚಿ ಮುಂದಿನ ಸಂತೆಗೆ ಹೊಡೆದುಕೊಂಡು ಹೋಗುತ್ತಾರೆ.

ಟಿಓಡಿ ಅಂದರೆ ಟೈಮ್ ಆಫ್ ಡೇ, ಹೊತ್ತಿಗೊಂದು ದರ. ಹಗಲು ಸೋಲಾರ್ ಕರೆಂಟು ಮಿಕ್ಕುತ್ತದಂತೆ. ಅದಕ್ಕೇ ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ರಿಯಾಯಿತಿ. 2025ರಲ್ಲಿ ಅದು ಯೂನಿಟ್ಟಿಗೆ 80 ಪೈಸೆಯಿಂದ ಶುರುವಾಯಿತು. ಭಾರೀ ಉಪಕಾರ. ಆ ಹೊತ್ತಿಗೆ ನಾವೆಲ್ಲ ಹೊಲದಲ್ಲಿ, ಹುಡುಗರು ಸಾಲೆಯಲ್ಲಿ. ಮನೆಯಲ್ಲಿರುವುದು ಅಜ್ಜಿ ಒಬ್ಬಳೇ. ಅವಳು ಫ್ಯಾನ್ ಆರಿಸಿ ಬೇವಿನ ಗಿಡದ ಕೆಳಗೆ ಕೂತಿರುತ್ತಾಳೆ. ಶೇಂಗಾ ಚಟ್ನಿಗೆ ಮಿಕ್ಸರ್ ಹಾಕು, ಈಗ ಅಗ್ಗ ಅಂದರೆ, "ಕಲ್ಲಾಗ ಕುಟ್ಟಿದ್ರ ಪುಕ್ಕಟೆ ಅದ" ಅನ್ನುತ್ತಾಳೆ. ರಿಯಾಯಿತಿ ಬೇವಿನ ಗಿಡಕ್ಕೆ ಸಂದಾಯ.

ಬಿಲ್ಲು ಮರಾಠಿಯಲ್ಲಿ ಬರುತ್ತದೆ. ಅದರಲ್ಲಿ ಸ್ಥಿರ ಆಕಾರ, ವೀಜ ಆಕಾರ, ವಹನ ಆಕಾರ ಅಂತ ಸಾಲಾಗಿ ನಿಂತಿರುತ್ತವೆ. ಮರಾಠಿಯಲ್ಲಿ ವೀಜ ಅಂದರೆ ಕರೆಂಟು, ಆಕಾರ ಅಂದರೆ ಶುಲ್ಕ. ಅಪ್ಪ ಕನ್ನಡ ಸಾಲೆ ಕಲಿತವನು. ಅವನಿಗೆ ಆಕಾರ ಅಂದರೆ ಆಕಾರವೇ. "ಇಷ್ಟು ಆಕಾರ ಕೊಟ್ರೂ ಬಿಲ್ಲಿಗೆ ತಲಿ ಯಾವುದು ಬಾಲ ಯಾವುದು ತಿಳಿಯವಲ್ದು" ಎಂದು ತಿರುಗಿಸಿ ತಿರುಗಿಸಿ ನೋಡುತ್ತಾನೆ. ವಹನ ಆಕಾರ ಕರೆಂಟು ಹೊತ್ತು ತಂದ ಕೂಲಿ. ನಮ್ಮ ತಾಲ್ಲೂಕಿನಲ್ಲೇ, ಅಹೇರವಾಡಿ-ಫತಾಟೆವಾಡಿ ಹತ್ತಿರ, 1320 ಮೆಗಾವಾಟಿನ ಸ್ಥಾವರ ಇದೆ. ಮಾಳಿಗೆ ಹತ್ತಿದರೆ ಚಿಮಣಿ ಕಾಣುತ್ತದೆ. ನಮಗೆ ಹೊಗೆ ಮಾತ್ರ ವಹನ ಆಕಾರ ಇಲ್ಲದೆ ಬರುತ್ತದೆ. ಇದೆಲ್ಲದರ ಮೇಲೆ ಸರ್ಕಾರದ 16 ಪರ್ಸೆಂಟ್ ವಿದ್ಯುತ್ ಶುಲ್ಕ.

ಮೊದಲ ಬಿಲ್ಲು ಜಾಸ್ತಿ ಬಂತು. ಗೋಡೆಯ ಮುಂದೆ ಸ್ಟೂಲು ಹಾಕಿಕೊಂಡು ಕೂತೆ. ನಮ್ಮ ಮೀಟರಿನ ಮೇಲೆ 3200 ಎಂದು ಬರೆದಿದೆ. ಕೆಂಪು ದೀಪ 3200 ಸಲ ಮಿಣುಕಿದರೆ ಒಂದು ಯೂನಿಟ್. ಸಾವಿರ ವಾಟಿನ ಇಸ್ತ್ರಿ ಪೆಟ್ಟಿಗೆ ಹಚ್ಚಿ ಗಡಿಯಾರ ಹಿಡಿದೆ. ನಿಮಿಷಕ್ಕೆ 53 ಮಿಣುಕು. ಲೆಕ್ಕ ಸರಿ! ಮೀಟರ್ ಸುಳ್ಳು ಹೇಳುತ್ತಿಲ್ಲ. ಹಳೇದರ ಅಲ್ಯೂಮಿನಿಯಂ ಗಾಲಿಯ ಬೇರಿಂಗ್ ಸವೆದು, ಸಣ್ಣಪುಟ್ಟದ್ದನ್ನು ಕಂಡೂ ಕಾಣದ ಹಾಗೆ ಬಿಡುತ್ತಿತ್ತು. ಊರ ಹಿರಿಯನ ಹಾಗೆ. ಹೊಸದು ಎಲ್ಲವನ್ನೂ ಬರೆದಿಡುತ್ತದೆ. ಟಿವಿ ಆರಿಸಿದ ಮೇಲೂ ಉರಿಯುವ ಹತ್ತು ವಾಟಿನ ಸೆಟ್‌ಟಾಪ್ ಬಾಕ್ಸ್ ತಿಂಗಳಿಗೆ ಏಳು ಯೂನಿಟ್ ತಿನ್ನುತ್ತದೆ. ಆ ಏಳರಿಂದ ನೀವು ತಿಂಗಳಿಗೆ 100 ಯೂನಿಟ್ ದಾಟಿದಿರೋ, ದಾಟಿದ ಯೂನಿಟ್ಟಿಗೆ ಬಹಳ ಜಾಸ್ತಿ ದರ.

ಆದರೂ ಅಕ್ಕಪಕ್ಕದವರ ಜೊತೆ ಕರೆಂಟಿನ ಆಫೀಸಿಗೆ ಹೋದೆ. ಗಿರಾಕಿ ಅನುಮಾನ ಪಟ್ಟರೆ 5 ದಿನದೊಳಗೆ ಪಕ್ಕದಲ್ಲಿ ಇನ್ನೊಂದು ಮೀಟರ್ ಹಾಕಿ, ಕನಿಷ್ಠ 3 ತಿಂಗಳು ತಾಳೆ ನೋಡಬೇಕು. 2024ರ ಫೆಬ್ರುವರಿಯಲ್ಲಿ ಕೇಂದ್ರ ಮಾಡಿದ ನಿಯಮ ಇದು. ಹೇಳಿದೆ. ಕುರ್ಚಿಯಲ್ಲಿದ್ದವರು ನನ್ನನ್ನು ನೋಡಿದ ರೀತಿ ಹೇಗಿತ್ತು ಅಂದರೆ, ನಾನೇ ಆ ನಿಯಮ ಬರೆದು ಜೇಬಿನಲ್ಲಿಟ್ಟುಕೊಂಡು ಬಂದ ಹಾಗೆ. "ಮೀಟರ್ ಬಹಳ ಶಾಣ್ಯಾ ಅದರೀ" ಅಂದರು.

ಶಾಣ್ಯಾ ಇರಬಹುದು. ಅರ್ಧ ಗಂಟೆಗೊಮ್ಮೆ ನಮ್ಮ ಜಾತಕ ಬರೆಯುತ್ತದೆ. ಬಿಲ್ಲು ಕಟ್ಟದಿದ್ದರೆ ಕಂಬ ಹತ್ತುವವರು ಬೇಕಿಲ್ಲ, ಕಂಪ್ಯೂಟರಿನಲ್ಲಿ ಕೂತೇ ಲೈಟು ತೆಗೆಯಬಹುದು. ಕರೆಂಟು ಹೋದ ಕ್ಷಣದಲ್ಲೂ, ಉಸಿರು ನಿಲ್ಲುವ ಮುಂಚೆ ಒಂದು ಸಂದೇಶ ಕಳಿಸುವ ಶಕ್ತಿ ಇಂಥ ಮೀಟರಿಗೆ ಇದೆ. ಹೋದ ವಾರ ನಮ್ಮ ಓಣಿಯ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಅಷ್ಟೂ ಮೀಟರುಗಳು ಒಟ್ಟಿಗೇ ಸತ್ತವು. ಮೂರು ದಿನ ಯಾರಿಗೂ ಗೊತ್ತಾಗಲಿಲ್ಲ. ಹತ್ತು ವಾಟಿನ ಡಬ್ಬಿಯನ್ನು ಹಿಡಿಯುವವರಿಗೆ ಇಡೀ ಓಣಿ ಕತ್ತಲಾದದ್ದು ಕಾಣಲಿಲ್ಲವೇನ್ರಿ? ನೋಡಿದವರು ಯಾರು? ಬಿಲ್ಲು ಬರೆಯುವಾಗ ಮಾತ್ರ ಕಣ್ಣು ತೆರೆಯುವುದೇ? ಅಜ್ಜಿಗೆ ಎಂಬತ್ತೆರಡು ವರ್ಷ. ಆ ಸೆಕೆಯಲ್ಲಿ ಮೂರು ರಾತ್ರಿ ಅಂಗಳದಲ್ಲಿ ಮಲಗಿದಳು.

ನಾಲ್ಕನೇ ದಿನ ಪಕ್ಕದ ಊರಿನ ಅಂಗಡಿಯಿಂದ ತಕ್ರಾರ ನಂಬರಿಗೆ ಫೋನ್ ಹಚ್ಚಿದೆ. ಆ ಕಡೆಯ ಹುಡುಗಿ ಮರಾಠಿಯಲ್ಲಿ ಬಹಳ ವಿನಯದಿಂದ ಗ್ರಾಹಕ ಕ್ರಮಾಂಕ ಕೇಳಿದಳು. ಬಿಲ್ಲಿನಲ್ಲಿದೆ ಅಂದೆ. ಬಿಲ್ಲು ಎಲ್ಲಿ ಅಂದಳು. ಆಪಿನಲ್ಲಿ. ಆಪು ನನ್ನ ಫೋನಿನಲ್ಲಿ. ನನ್ನ ಫೋನು ಮನೆಯಲ್ಲಿ, ಚಾರ್ಜಿಲ್ಲದೆ, ಮೀಟರಿನ ಕೆಳಗೇ ಸತ್ತು ಬಿದ್ದಿದೆ.