ಜಿಗ್ ಅಂದ್ರ ಜಿಗಿಯೂದೇನು?

ಹುಬ್ಬಳ್ಳಿಯ ದುರ್ಗದಬೈಲು ಪೇಟೆಯಲ್ಲಿ ಒಂದು ಚಪಾತಿ ಮಣಿ ಕೊಂಡಿದ್ದರೆ ಎಲ್ಲಾ ಸುಸೂತ್ರವಾಗಿ ಮುಗಿಯುತ್ತಿತ್ತು. ಹೆಂಡತಿ ಕೇಳಿದ್ದೂ ಅಷ್ಟೇ. "ಹಳೇ ಮಣಿ ಸೀಳೇತ್ರಿ, ಹುಬ್ಬಳ್ಳಿಗೆ ಹೋದಾಗ ಒಂದು ತರ್ರಿ." ಧಾರವಾಡದಿಂದ ಹುಬ್ಬಳ್ಳಿ ಏನು ದೂರ, 20 ಕಿಲೋಮೀಟರ್. ಆದರೆ ನಮ್ಮ ಅಟ್ಟದ ಮೇಲೆ ಹಳೇ ಬಾಗಿಲಿನ ಸಾಗವಾನಿ ಹಲಗೆ ಇತ್ತು. ಕ್ಯಾಲೆಂಡರ್ ಮೊಳೆಗೆ ಒಂದೇ ಒಂದು ತೂತು ಕೊರೆದು ಮಲಗಿದ್ದ ಡ್ರಿಲ್ಲೂ ಇತ್ತು. "ನಾನೇ ಮಾಡ್ತೀನಿ" ಅಂದುಬಿಟ್ಟೆ.

ಗರಗಸದಲ್ಲಿ ದುಂಡಗೆ ಕೊಯ್ದೆ. ಬಂದದ್ದು ಕರ್ನಾಟಕದ ನಕಾಶೆ. ಅದನ್ನು ದುಂಡು ಮಾಡಲು ಜಿಗ್ ಬೇಕು ಅಂತ ಮನೆಯಲ್ಲಿ ಘೋಷಿಸಿದೆ.

"ಜಿಗ್ ಅಂದ್ರೇನೋ ತಮ್ಮಾ? ಜಿಗಿಯೂದೇನು?" ಅಂದಳು ಅವ್ವ.

ಜಿಗ್ ಅಂದರೆ ಹಲಗೆಯನ್ನು ಹಿಡಿದು ಬೇಕಾದ ಅಳತೆಗೆ ತರುವ ಚೌಕಟ್ಟು. ಬೀಸುವ ಕಲ್ಲಿನ ಗೂಟ ಇದೆಯಲ್ಲ, ಲೆಕ್ಕ ಅದೇ. ಡ್ರಿಲ್ಲನ್ನು ಮೇಜಿಗೆ ಬಿಗಿದು, ಮೂತಿಗೆ ಪಾಲಿಶ್ ಪೇಪರಿನ ತಟ್ಟೆ ಸಿಕ್ಕಿಸಬೇಕು. ಎದುರಿಗೆ ಪ್ಲೈವುಡ್ಡಿನ ಕಟ್ಟೆ, ಅದರ ಮೇಲೆ ಹಿಂದೆ ಮುಂದೆ ಸರಿಯುವ ಪಟ್ಟಿ, ಪಟ್ಟಿಯಲ್ಲಿ ಚೂಪು ಮೇಲಾಗಿ ನಿಂತ ಮೊಳೆ. ಹಲಗೆಯ ನಡುವೆ ತೂತು ಮಾಡಿ ಮೊಳೆಯ ಮೇಲೆ ಕೂರಿಸಿ, ತಿರುಗಿಸುತ್ತಾ ಪೇಪರಿನತ್ತ ದೂಡಬೇಕು. ಮೊಳೆಗೂ ಪೇಪರಿಗೂ 5 ಇಂಚು ಉಳಿದಾಗ ನಿಂತರೆ 10 ಇಂಚಿನ ದುಂಡು ಮಣಿ ಸಿದ್ಧ. ಇದನ್ನು ಹೇಳುವುದಕ್ಕೆ ಒಂದು ನಿಮಿಷ ಸಾಕು. ಮಾಡುವುದಕ್ಕೆ ಮೂರು ಭಾನುವಾರ ಹೋದವು.

ಧೂಳು ಜಾಸ್ತಿ ಅಂತ ನನ್ನನ್ನು ಮಾಳಿಗೆಗೆ ಅಟ್ಟಿದ್ದರು. ಅಲ್ಲಿ ಅವ್ವನ ಸಂಡಿಗೆ ಒಣಗುತ್ತಿತ್ತು.

ಮೊದಲು 220 ನಂಬರಿನ ಪೇಪರ್ ಹಚ್ಚಿದೆ. ನಂಬರ್ ದೊಡ್ಡದಿದ್ದಷ್ಟು ಜೋರಾಗಿ ಕೆರೆಯುತ್ತದೆ ಅಂದುಕೊಂಡಿದ್ದೆ. ಇದು ಉಲ್ಟಾ ಲೆಕ್ಕ. ಒಂದು ತಾಸು ಹಲಗೆಗೆ ಮಾಲೀಶು ಮಾಡಿದಂತಾಯಿತು, ಅಷ್ಟೇ. ಆಮೇಲೆ 80 ತಂದೆ. ಅದು ನಿಜಕ್ಕೂ ಕಚ್ಚಿತು. ಆದರೆ ತಿರುಗುವ ತಟ್ಟೆಯ ಒಂದು ಬದಿ ಕೆಳಗಿಳಿಯುತ್ತದೆ, ಇನ್ನೊಂದು ಮೇಲೇಳುತ್ತದೆ. ಹಲಗೆಯನ್ನು ಇಳಿಯುವ ಬದಿಗೆ ಹಿಡಿದರೆ ಅದು ಕಟ್ಟೆಗೆ ಒತ್ತಿಕೊಂಡಿರುತ್ತದೆ. ನಾನು ಹಿಡಿದದ್ದು ಏಳುವ ಬದಿಗೆ. ಹಲಗೆ ಮೊಳೆ ಬಿಟ್ಟು ಎದ್ದು, ನನ್ನ ಕಿವಿ ಪಕ್ಕದಿಂದ ಹಾರಿ, ಸಂಡಿಗೆಯ ನಡುವೆ ಹೋಗಿ ಕೂತಿತು.

"ಜಿಗೀತಲ್ಲಪಾ ನಿನ್ನ ಜಿಗ್" ಅಂದಳು ಅವ್ವ. ಸಂಡಿಗೆಯಿಂದ ಹೊಟ್ಟು ಊದಿ ತೆಗೆಯುವ ಕೆಲಸ ನನಗೇ ಬಂತು.

ಇನ್ನು ಪಟ್ಟಿಗೆ ತಡೆ. 5 ಇಂಚಿಗೆ ಬಂದಾಗ ತಾಕಿ ನಿಲ್ಲಲು ಒಂದು ಕಟ್ಟಿಗೆ ತುಂಡು ಹೊಡೆಯಬೇಕಿತ್ತು, ಮರೆತಿದ್ದೆ. ದುಂಡು ಬಂತು ಅನ್ನುವಷ್ಟರಲ್ಲಿ ಮಣಿ ಒಂಬತ್ತು ಇಂಚಾಯಿತು, ಅಲ್ಲೊಂದು ಮೂಲೆ ತಿದ್ದಿದಾಗ ಎಂಟೂವರೆ. ಪಕ್ಕದ ಹುಬ್ಬಳ್ಳಿಯಲ್ಲಿ 1,507 ಮೀಟರ್ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ಕಟ್ಟಿದ್ದಾರೆ. ನನಗೆ 10 ಇಂಚು ಹಿಡಿದಿಡಲು ಆಗಲಿಲ್ಲ.

ಆದರೂ ದುಂಡು ಮಾತ್ರ ಚೊಕ್ಕ ಬಂದಿತ್ತು. 120, ಆಮೇಲೆ 220, ಕಟ್ಟಿಗೆಯ ಎಳೆ ಹಿಡಿದು ಕೈಯಿಂದಲೇ ತಿಕ್ಕಿದೆ. ನೆಲ ಎಷ್ಟೇ ಏರುಪೇರಿದ್ದರೂ ಮೂರು ಕಾಲು ಅಲುಗುವುದಿಲ್ಲ ಅಂತ ಮೂರೇ ಕಾಲು ಹಚ್ಚಿದೆ. ಹೆಮ್ಮೆಯಿಂದ ಓಣಿಯ ಬಡಿಗೇರನಿಗೆ ತೋರಿಸಿದೆ. ಆತ ಮೊದಲು ಜಿಗ್ ನೋಡಿದ. "ಫರ್ಮಾ ಛಲೋ ಮಾಡೀರಿ ಸರ." ಆಮೇಲೆ ಮಣಿ ತಿರುಗಿಸಿ ನೋಡಿದ. "ತೂತು ಯಾಕ್ರೀ ಮ್ಯಾಲೈತಿ?"

ಒಳ್ಳೆಯ ಮುಖಕ್ಕೆ ಗೀರು ಬೀಳದಿರಲಿ ಅಂತ ಅದನ್ನೇ ಕೆಳಗೆ ಮಾಡಿ ಮೊಳೆಯ ಮೇಲೆ ಕೂರಿಸಿದ್ದೆ. ಹೊಟ್ಟಿಗೆ ಅಂಟು ಕಲಸಿ ತುಂಬಿದೆ. ಎರಡು ಸಲ ತೊಳೆದಾಗ ಉದುರಿ ಹೋಯಿತು. ಹೀಗಾಗಿ ಈಗ ನಮ್ಮ ಮನೆಯ ಪ್ರತಿ ಚಪಾತಿಯ ನಡುವೆ ಒಂದು ಸಣ್ಣ ಗುಬುಟು. ಮಗಳು ಅದಕ್ಕೆ ಹೊಕ್ಕಳ ಅನ್ನುತ್ತಾಳೆ, ಮೊದಲು ಅದನ್ನೇ ಕಿತ್ತು ತಿನ್ನುತ್ತಾಳೆ.

ಮೊನ್ನೆ ಬೀಗರು ಊಟಕ್ಕೆ ಬಂದಿದ್ದರು. ಚಪಾತಿ ಎತ್ತಿ ಹಿಡಿದು ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು, "ಅದು ನಮ್ಮ ಮನಿ ಸಿಕ್ಕಾರಿ. ಹಾಕ್ಸಾಕ ಮೂರು ವಾರ ಹಿಡೀತು."