ಸುಭೇದಾರ್ ಸಾಹೇಬ್ರೇ, ಮೆಡಲ್ ಬೇಡ, ಆ ಡೈರಿ ತೋರಿಸಿ

ನಮ್ಮ ಸೊಸೈಟಿ ಗೇಟಿನ ಎದುರು 2026ರ ಪುಣೆ ಪಾಲಿಕೆ ಚುನಾವಣೆಯ ಪ್ರಚಾರದ ಫ್ಲೆಕ್ಸ್ ಎದ್ದಿದೆ. ಅದರಲ್ಲಿ ನಮ್ಮ ಮಾಜಿ ನಗರಸೇವಕರು, ಅಂದರೆ ಪಾಲಿಕೆ ಸದಸ್ಯರಾಗಿದ್ದ ಸುಭೇದಾರ್ ಸಾಹೇಬರು, ಯೂನಿಫಾರ್ಮಿನಲ್ಲಿ ನಿಂತಿದ್ದಾರೆ. ಎದೆ ಮೇಲೆ ಮೆಡಲ್ ಸಾಲು, ಹಿಂದೆ ಹಿಮದ ಬೆಟ್ಟ, ತಲೆ ಮೇಲೆ ‘ಕಾರ್ಯಸಮ್ರಾಟ್’ ಅನ್ನೋ ಬಿರುದು. ಫೋಟೋ ಏನಿಲ್ಲವೆಂದರೂ ಇಪ್ಪತ್ತು ವರ್ಷ ಹಳೆಯದು. ಈಗ ಅವರ ಮೀಸೆಯಲ್ಲಿ ಹುಡುಕಿದರೂ ಒಂದು ಕಪ್ಪು ಕೂದಲು ಸಿಗುವುದಿಲ್ಲ.

ನೋಡಿ ಬೇಜಾರಾಯಿತು. ಆ ಮನುಷ್ಯನ ಬಗ್ಗೆ ಅಲ್ಲ, ಆ ಫೋಟೋ ಬಗ್ಗೆ.

ಪುಣೆಯ ಈ ಕಡೆ, ಖಡಕಿಯಿಂದ ವಿಶ್ರಾಂತವಾಡಿ, ಧಾನೋರಿವರೆಗೆ, ಎರಡು ಬಾಗಿಲು ತಟ್ಟಿದರೆ ಒಬ್ಬ ಮಾಜಿ ಸೈನಿಕರು ಸಿಗುತ್ತಾರೆ. ಸುಭೇದಾರ್ ಸಾಹೇಬರು ಮರಾಠಾ ಲೈಟ್ ಇನ್‌ಫೆಂಟ್ರಿಯವರು. ಅದರ ರೆಜಿಮೆಂಟಲ್ ಸೆಂಟರ್ ಇರುವುದು ನಮ್ಮ ಬೆಳಗಾವಿಯಲ್ಲಿ. 2017ರಲ್ಲಿ ಮೊದಲ ಸಲ ವೋಟು ಕೇಳಲು ಬಂದಾಗ ಬಾಗಿಲ ಮೇಲಿನ ಕನ್ನಡ ಬೋರ್ಡ್ ನೋಡಿ, “ಊಟ ಆತೇನ್ರಿ?” ಅಂದರು. ಮಾತೃಭಾಷೆ ಮರಾಠಿ, ಕನ್ನಡ ಮಾತ್ರ ಬೆಳಗಾವಿ ಕ್ಯಾಂಪಿನದು. ಅವ್ವ ಅಲ್ಲೇ ಕರಗಿಹೋದಳು. ಚಹಾದ ಜೊತೆ ಕರದಂಟೂ ಹೊರಗೆ ಬಂತು.

ನಾನೂ ವೋಟು ಹಾಕಿದೆ. ಗಡಿ ಕಾದವರು, ದುಡ್ಡು ತಿನ್ನೋದಿಲ್ಲ, ಕೆಲಸ ಮಾಡ್ತಾರೆ ಅನ್ನೋದು ನನ್ನ ಲೆಕ್ಕ. ದುಡ್ಡು ತಿನ್ನಲಿಲ್ಲ ಅಂತಲೇ ನಂಬಿದ್ದೇನೆ. ಆದರೆ ಮೊದಲ ಒಂದು ವರ್ಷ ಕೆಲಸವೂ ಆಗಲಿಲ್ಲ. ಬೆಳಿಗ್ಗೆ ಆರಕ್ಕೆ ರಸ್ತೆಯಲ್ಲಿ ನಿಂತು ಕಸ ಗುಡಿಸುವವರ ಮುಕಾದಮನಿಗೆ (ಮೇಸ್ತ್ರಿಗೆ) ಪರೇಡ್ ತೆಗೆದುಕೊಂಡಂತೆ ಕೂಗುತ್ತಿದ್ದರು. ಆತ ಇವರ ಸ್ಕೂಟರ್ ಸದ್ದು ಕೇಳಿದರೆ ಬೇರೆ ಗಲ್ಲಿ ಹಿಡಿಯುತ್ತಿದ್ದ. ಎಸ್ಟಿಮೇಟ್, ಟೆಂಡರ್, ಸ್ಥಾಯಿ ಸಮಿತಿ, ಆಮೇಲೆ ಕಂಟ್ರಾಕ್ಟರ್ ಅನ್ನೋ ಸರಪಳಿ ಅವರಿಗೆ ಹೊಸದು. ಒಮ್ಮೆ ನನಗೇ ಹೇಳಿದ್ದರು: “ಫೌಜಿನಾಗ ಹೇಳಿದ್ರ ಮುಗೀತ್ರಿ. ಇಲ್ಲಿ ಹೇಳಿದ ಮ್ಯಾಲ ಸುರು ಆಕ್ಕೈತಿ.”

ಆಮೇಲೆ ಬಂತು ಡೈರಿ. ನಮ್ಮ ಬಿ ವಿಂಗ್ ಹಿಂದಿನ ಡ್ರೈನೇಜ್ ಪೈಪು ಆರಿಂಚಿನದು. ಜೋರು ಮಳೆ ಬಂದರೆ ಚೇಂಬರಿನ ಮುಚ್ಚಳ ಎದ್ದು, ಪಾರ್ಕಿಂಗ್ ತುಂಬ ಗಬ್ಬು ನೀರು. ಒಂದು ದಿನ ಸಾಹೇಬರು ಗಮ್‌ಬೂಟ್ ಹಾಕಿಕೊಂಡು ಬಂದರು. ಸೀಮೆಸುಣ್ಣದ ಗೆರೆ ಎಳೆದ ಬಿದಿರು ಕೋಲನ್ನು ಚೇಂಬರಿಗೆ ಇಳಿಸಿ, ನೀರು ಎಲ್ಲಿಗೆ ಮುಟ್ಟಿದೆ ಅಂತ ನೋಡಿ ಬರೆದುಕೊಂಡರು. ತಾರೀಖು, ಚೇಂಬರ್ ನಂಬರ್, ಫೋನ್ ಎತ್ತಿದವರು ಯಾರು, ಏನು ಉತ್ತರ ಕೊಟ್ಟರು, ಎಲ್ಲಾ. ಆ ಒಂದು ಪುಟದಲ್ಲಿ ಹದಿನಾಲ್ಕು ತಾರೀಖುಗಳಿವೆ, ಹದಿಮೂರರ ಮುಂದೆ ಕೆಂಪು ಪೆನ್ನಿನ ಕಾಟು. ಹದಿನಾಲ್ಕನೆಯದಕ್ಕೆ ಹನ್ನೆರಡಿಂಚಿನ ಪೈಪು ಬಿತ್ತು. ಹನ್ನೊಂದು ತಿಂಗಳು ಹಿಡಿಯಿತು. ಕೂಗಾಟ ಒಂದು ದಿನವೂ ಇಲ್ಲ.

ಈ ಡೈರಿ ಯಾಕೆ ಮುಖ್ಯ ಅಂದ್ರೆ, ಪುಣೆಯಲ್ಲಿ ಲೆಕ್ಕ ಕೇಳುವುದೇ ಕಷ್ಟ. ಮುಂಬೈಯಲ್ಲಿ 227 ವಾರ್ಡು, ವಾರ್ಡಿಗೊಬ್ಬರು. ಇಲ್ಲಿ 41 ಪ್ರಭಾಗ (ದೊಡ್ಡ ವಾರ್ಡು), 165 ಸೀಟು. ಹೆಚ್ಚುಕಡಿಮೆ ಎಲ್ಲಾ ಕಡೆ ನಾಲ್ಕು ಜನ, ನಾವು ನಾಲ್ಕು ಸಲ ಬಟನ್ ಒತ್ತಬೇಕು. ಕೆಲಸ ಆಗದಿದ್ದರೆ ನಾಲ್ವರೂ ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ಕೆಲಸ ಆದರೆ? ನಮ್ಮ ಆ ಪೈಪನ್ನು ಈಗ ಮೂರು ಫ್ಲೆಕ್ಸುಗಳು ತಮ್ಮದು ಅಂತಿವೆ!

ಸೈನಿಕರ ಫೋಟೋ ಪ್ರಚಾರಕ್ಕೆ ಬಳಸಬೇಡಿ ಅಂತ ಕೇಂದ್ರ ಚುನಾವಣಾ ಆಯೋಗ 2013ರಲ್ಲೇ ಪಕ್ಷಗಳಿಗೆ ಬರೆದಿತ್ತು, 2019ರ ಮಾರ್ಚಿನಲ್ಲಿ ಮತ್ತೆ ನೆನಪಿಸಿತು. ನಗರಪಾಲಿಕೆ ಚುನಾವಣೆ ರಾಜ್ಯ ಚುನಾವಣಾ ಆಯೋಗದ್ದು, ಫೋಟೋ ಸಾಹೇಬರದೇ. ಆ ವಾದ ವಕೀಲರಿಗೆ ಬಿಡೋಣ. ನನ್ನ ತಕರಾರು ಬೇರೆ. ಯೂನಿಫಾರ್ಮಿಗೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಸೆಲ್ಯೂಟ್ ಹೊಡೆದು ಸುಮ್ನಾಗ್ತಾರೆ. ಮೊದಲ ಸಲ ನಿಂತಾಗ ತೋರಿಸಲು ಬೇರೇನೂ ಇರಲಿಲ್ಲ, ಸರಿ. ಈಗ ಇದೆಯಲ್ಲ?

ಪುಣೆಯ ಸಂಸದರಾಗಿದ್ದ ಸುರೇಶ್ ಕಲ್ಮಾಡಿ ಮೊದಲು ಏರ್‌ಫೋರ್ಸ್ ಪೈಲಟ್ ಆಗಿದ್ದವರು, 1965 ಮತ್ತು 1971ರ ಯುದ್ಧ ಕಂಡವರು. ಅವರ ತಂದೆಯ ಹೆಸರಿನ ಶಾಲೆ ನಮ್ಮ ಕನ್ನಡ ಸಂಘದ್ದು. ಪುಣೆಯಲ್ಲಿ ಅವರ ಹೆಸರು ತೆಗೆದರೆ ಜನ ಮಾತಾಡುವುದು ಮ್ಯಾರಥಾನ್ ಬಗ್ಗೆ, ಕಾಮನ್‌ವೆಲ್ತ್ ಗೇಮ್ಸ್ ಬಗ್ಗೆ. ವಿಮಾನದ ಸುದ್ದಿ ಯಾರೂ ಎತ್ತುವುದಿಲ್ಲ.

ಕೇಳಬೇಕಾದ ಪ್ರಶ್ನೆಯೂ ಒಂದಿದೆ. 2022ರ ಮಾರ್ಚ್ 14ಕ್ಕೆ ಪಾಲಿಕೆಯ ಹಳೆಯ ಸಭಾಗೃಹದ (ಚುನಾಯಿತ ಸದಸ್ಯರ) ಅವಧಿ ಮುಗಿಯಿತು. ಅಲ್ಲಿಂದ ಪ್ರಶಾಸಕರ (ಸರ್ಕಾರಿ ಆಡಳಿತಾಧಿಕಾರಿಯ) ಆಡಳಿತ. ಸುಪ್ರೀಂ ಕೋರ್ಟ್ 2025ರ ಮೇನಲ್ಲಿ ಗದರಿದ ಮೇಲೆ 2026ರ ಜನವರಿ 15ಕ್ಕೆ ಮತದಾನ ನಿಗದಿಯಾಯಿತು. ಹತ್ತಿರ ಹತ್ತಿರ ನಾಲ್ಕು ವರ್ಷ ನಮಗೆ ನಗರಸೇವಕರೇ ಇರಲಿಲ್ಲ. ಮೊದಲ ವರ್ಷ ಸಾಹೇಬರು ಹಳೇ ಹಾಗೆಯೇ ಓಡಾಡಿದರು. ಆಮೇಲೆ ಮಾಯ. 2024ರ ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗಾಗಿ ಫೋನ್ ಮಾಡಿದರೆ, “ನಂದೀಗ ಪದವಿ ಇಲ್ರಿ” ಅಂದರು. ಅದು ಇನ್ನೂ ನನ್ನ ಗಂಟಲಲ್ಲಿದೆ.

ಭಾನುವಾರ ಮನೆಗೇ ಹೋಗಿ ಎರಡನ್ನೂ ಹೇಳಿದೆ. ಫ್ಲೆಕ್ಸ್ ಬಗ್ಗೆ, “ಹುಡುಗ್ರು ಮಾಡ್ಯಾರ್ರಿ” ಅಂದರು. ಟ್ಯಾಂಕರ್ ಮಾತಿಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ನನ್ನ ತಪ್ಪಽ” ಅಂದರು. ಡೈರಿ ಕೇಳಿದೆ. ರಬ್ಬರ್ ಬ್ಯಾಂಡ್ ಹಾಕಿದ ಮೂರು ಡೈರಿ ಒಳಗಿಂದ ತಂದರು. ಫ್ಲೆಕ್ಸಿಗೆ ಇದನ್ನೇ ಹಾಕಿ ಅಂದರೆ ನಕ್ಕುಬಿಟ್ಟರು. “ಗಟಾರದ ಲೆಕ್ಕಾ ನೋಡಿ ಯಾರ್ ವೋಟ್ ಹಾಕ್ತಾರ್ರಿ?”

ಅವರನ್ನು ಕೇಳಿಯೇ ಆ ಪುಟದ ಫೋಟೋ ಇಲ್ಲಿ ಹಾಕುತ್ತಿದ್ದೇನೆ. ಕೈಬರಹ ಮೋಡಿ ಲಿಪಿ (ಮರಾಠಿಯ ಹಳೇ ಕೂಡುಬರಹ) ಥರ ಇದೆ. ಓದಲು ಬಾರದಿದ್ದರೆ ನನ್ನನ್ನು ಕೇಳಿ.