ಪೆದ್ದರ ಸಹವಾಸ

ಓದು ಕಲಿಯುವ ಮಗುವಿನ ಪಾಡು ದೊಡ್ಡವರಿಗೆ ಮರೆತೇ ಹೋಗಿರುತ್ತದೆ. ಒಂದು ಸಾಲು ಮುಗಿಯುವಷ್ಟರಲ್ಲಿ ತಿದ್ದಲು ಮನೆಮಂದಿಯೆಲ್ಲ ಹಾಜರು. ದೀರ್ಘ ಬಿಟ್ಟೆ, ಒತ್ತು ನುಂಗಿದೆ, ಅರ್ಕಾವತ್ತು ಎಲ್ಲಿ ಹೋಯ್ತು? ಸುತ್ತ ಇರೋರೆಲ್ಲ ತನಗಿಂತ ಬುದ್ಧಿವಂತರು ಅಂತ ಮಗುವಿಗೆ ಖಾತ್ರಿಯಾಗಿಬಿಡುತ್ತದೆ. ಇಂಥ ಹೊತ್ತಲ್ಲಿ ತನಗಿಂತ ಪೆದ್ದ ಒಬ್ಬ ಸಿಕ್ಕರೆ ಎಷ್ಟು ಸಮಾಧಾನ ಅಲ್ವಾ?

ನನ್ನ ಮಗಳಿಗೆ ಒಬ್ಬನಲ್ಲ, ಒಂದು ದಂಡೇ ಸಿಕ್ಕಿದೆ. ಹಳೇ ಪೆದ್ದರ ಕತೆಗಳನ್ನು ಆಗಷ್ಟೇ ಓದಲು ಕಲಿತವರಿಗಾಗಿ ಕಾಮಿಕ್ಸ್ ಮಾಡಿದ ಪುಸ್ತಕಗಳವು. ಒಂದು ಚೌಕಕ್ಕೆ ಒಂದೇ ಮಾತು, ಅದೂ ಮೂರು ನಾಲ್ಕು ಪದದ್ದು. ಪರಮಾರ್ಥ ಗುರುವೂ ಅವನ 5 ಜನ ಶಿಷ್ಯರೂ ಹೊಳೆ ದಾಟಿ ತಲೆ ಎಣಿಸುವ ಕತೆ ನಿಮಗೂ ಗೊತ್ತಿರುತ್ತದೆ. 18ನೇ ಶತಮಾನದಲ್ಲೇ ತಮಿಳಿನಲ್ಲಿ ಬರಹಕ್ಕೆ ಇಳಿದದ್ದು. ಎಣಿಸುವವನು ತನ್ನನ್ನೇ ಬಿಟ್ಟು ಎಣಿಸುತ್ತಾನೆ. ‘ಅಯ್ಯೋ, ಒಬ್ಬ ಕಮ್ಮಿ!’ ಮುಂದಿನ ಚೌಕದಲ್ಲಿ ಇನ್ನೊಬ್ಬ ಎಣಿಸುತ್ತಾನೆ. ‘ಅಯ್ಯೋ, ಒಬ್ಬ ಕಮ್ಮಿ!’ ಎಲ್ಲರ ಸರದಿ ಮುಗಿಯುವಷ್ಟರಲ್ಲಿ ‘ಮ್ಮಿ’ಯ ಒತ್ತು ಮಗಳ ಬಾಯಲ್ಲಿ ಗಟ್ಟಿಯಾಗಿತ್ತು. ಕಾಪಿ ಬರೆಸಿ ಬರೆಸಿ ನಾವು ಸೋತಿದ್ದ ಒತ್ತು ಅದು. ಮಾತು 5 ಅನ್ನುತ್ತದೆ, ಚಿತ್ರದಲ್ಲಿ 6 ತಲೆ ಇವೆ. ಮಗಳು ಬೆರಳಿಟ್ಟು ಎಣಿಸಿ, ಪುಸ್ತಕದ ಕಡೆಗೇ ಬಾಗಿ, ‘ಲೋ, ನಿನ್ನನ್ನೂ ಎಣಿಸ್ಕೊಳೋ!’ ಅಂತ ಕೂಗಿದಳು. ಅವಳು ಇನ್ನೊಬ್ಬರನ್ನು ತಿದ್ದಿದ್ದು ನಾನು ಕಂಡ ಹಾಗೆ ಅದೇ ಮೊದಲು.

ಇಂಗ್ಲೆಂಡಿನ ಗೋಥಮ್ ಎಂಬ ಊರಿನ ಜಾಣರೂ ಇದೇ ಜಾತಿಯವರು. ಮೀನು ಹಿಡಿಯಲು ಹೋದವರು 12 ಜನ, ಯಾರು ಎಣಿಸಿದರೂ 11. ಕೋಗಿಲೆ ಹಾರಿಹೋದರೆ ವಸಂತವೂ ಹೋಗುತ್ತದೆ ಅಂತ ಅದರ ಸುತ್ತ ಬೇಲಿ ಕಟ್ಟಿದವರೂ ಇವರೇ. ಕೋಗಿಲೆ ಹಾರಿಯೇ ಹೋಯಿತು. ಬೇಲಿ ಎತ್ತರ ಸಾಲಲಿಲ್ಲ ಅಂತ ತೀರ್ಮಾನ ಮಾಡಿದರು. ಇಂಥ ತೀರ್ಮಾನಗಳನ್ನು ಮೀಟಿಂಗುಗಳಲ್ಲಿ ನಾನೂ ಕೇಳಿದ್ದೇನೆ.

ಒಂದು ಎಚ್ಚರಿಕೆ. ಹಳೇ ಕತೆಗಳು ಅಷ್ಟೇನೂ ಮೃದುವಲ್ಲ. ಜಾತಕ ಕತೆಯೊಂದರಲ್ಲಿ ಅಪ್ಪನ ಬೋಳುತಲೆ ಮೇಲೆ ಕೂತ ಸೊಳ್ಳೆಯನ್ನು ಮಗ ಕೊಡಲಿಯಿಂದ ಹೊಡೆಯುತ್ತಾನೆ. ಸೊಳ್ಳೆ ಏನಾಯ್ತೋ, ಅಪ್ಪ ಹೋಗೇಬಿಡುತ್ತಾನೆ. ನಮ್ಮ ಪುಸ್ತಕದಲ್ಲಿ ಕೊಡಲಿಯ ಜಾಗಕ್ಕೆ ಪೊರಕೆ ಬಂದಿದೆ, ಅಪ್ಪನ ತಲೆ ಬರೀ ಊದಿಕೊಂಡಿದೆ. ಇದಕ್ಕೆ ನನ್ನ ತಕರಾರಿಲ್ಲ. ಕೊನೇ ಚೌಕದಲ್ಲಿ ಒಬ್ಬ ಗಡ್ಡದ ಅಜ್ಜನನ್ನು ತಂದು ನಿಲ್ಲಿಸಿ ‘ನೋಡಿದಿರಾ ಮಕ್ಕಳೇ’ ಅಂತ ಪಾಠ ಹೇಳಿಸುತ್ತಾರಲ್ಲ, ಸಿಟ್ಟು ಬರುವುದು ಅದಕ್ಕೆ. ನಗುತ್ತಿದ್ದ ಮಗುವನ್ನು ಹಿಡಿದು ಮತ್ತೆ ಬೆಂಚಿನ ಮೇಲೆ ಕೂರಿಸಿದ ಹಾಗೆ.

ಪೆದ್ದರ ಸಹವಾಸ ಪುಸ್ತಕದಲ್ಲೇ ಮುಗಿದಿದ್ದರೆ ಚೆನ್ನಾಗಿತ್ತು. 11ನೇ ಶತಮಾನದ ಕಥಾಸರಿತ್ಸಾಗರದಲ್ಲಿ ಒಬ್ಬ ವ್ಯಾಪಾರಿ ಆಳುಗಳಿಗೆ ಹೇಳುತ್ತಾನೆ: ಪೆಟ್ಟಿಗೆಗಳ ತೊಗಲು ಮಳೆಯಲ್ಲಿ ನೆನೆಯಬಾರದು. ಮಳೆ ಬರುತ್ತದೆ. ಆಳುಗಳು ಒಳಗಿದ್ದ ಬಟ್ಟೆಯನ್ನೆಲ್ಲ ತೆಗೆದು ಪೆಟ್ಟಿಗೆಗೆ ಸುತ್ತುತ್ತಾರೆ. ಮಗಳು ಇದನ್ನು ಓದಿ ಮುಗಿಸಿದ್ದು ಮಳೆಗಾಲದಲ್ಲಿ. ಬೆಳಗ್ಗೆ ಹೊರಡುವಾಗ ‘ಬ್ಯಾಗ್ ನೆನೆಯದ ಹಾಗೆ ನೋಡ್ಕೋ’ ಅಂದಿದ್ದೆ. ಸಂಜೆ ಬ್ಯಾಗು ರೇನ್‌ಕೋಟು ಹಾಕಿಕೊಂಡು, ಗುಂಡಿಯೆಲ್ಲ ಬಿಗಿದುಕೊಂಡು, ತಲೆಗೆ ಟೋಪಿ ಏರಿಸಿಕೊಂಡು ಬಂತು. ಅದರ ಹಿಂದೆ ಇವಳು, ಜಡೆಯಿಂದ ನೀರು ತೊಟ್ಟಿಕ್ಕಿಸುತ್ತ.

‘ನೀನ್ಯಾಕೆ ಹೀಗೆ ನೆಂದಿದ್ದೀಯ?’

‘ನನ್ನ ವಿಷ್ಯ ನೀನು ಹೇಳಲೇ ಇಲ್ವಲ್ಲಮ್ಮ!’

ಮುಖ ಗಂಭೀರವಾಗಿತ್ತು, ಕೆನ್ನೆ ಮಾತ್ರ ಒಳಗಿಂದ ಉಬ್ಬುತ್ತಿತ್ತು. ಬೈಯಬೇಕು ಅಂದುಕೊಂಡ ನನಗೇ ನಗು ಬಂದುಬಿಟ್ಟಿತು. ಆಮೇಲೆ ಸೀನಿದ್ದು ಅವಳು, ಔಷಧಿಗೆ ಓಡಿದ್ದು ನಾನು.

ಇದಾದ ಮೇಲೆ ನನ್ನ ಅಣ್ಣ ಊರಿಂದ ಬಂದ. ಅವನು ಗೋಡೌನು ಗೋಡೌನು ಸುತ್ತಿ ಸ್ಟಾಕ್ ಎಣಿಸುವ ಆಡಿಟರ್. ರೈಲಿಳಿದ ತಕ್ಷಣ ಲಗೇಜನ್ನು ಪ್ಲಾಟ್‌ಫಾರ್ಮಿನ ಮೇಲೆ ಸಾಲಾಗಿಟ್ಟು ಎಣಿಸಿದ. ‘ಒಂದು ಕಮ್ಮಿ!’ ಅತ್ತಿಗೆ ಎಣಿಸಿದರು. ಒಂದು ಕಮ್ಮಿ. ಅಣ್ಣ ಮತ್ತೆ ಬೋಗಿಗೆ ಹತ್ತಿ, ಸೀಟಿನಡಿ ತೂರಿ, ಪಕ್ಕದವರ ಕಾಲನ್ನೆಲ್ಲ ಎತ್ತಿಸಿ ಹುಡುಕಿದ. ಗಾರ್ಡು ಸೀಟಿ ಊದಿದ ಮೇಲೆ ಬೆವರುತ್ತಾ ಇಳಿದ. ಕಾಣೆಯಾದ ಬ್ಯಾಗು ಅಷ್ಟು ಹೊತ್ತೂ ಅವನ ಬೆನ್ನ ಮೇಲೇ ಇತ್ತು. ಅವನನ್ನು ಹುಡುಕಲು ನಾನು ಕಿಟಕಿಯಿಂದ ಕಿಟಕಿಗೆ ಓಡುತ್ತಿದ್ದಾಗ, ಮಗಳು ಕೈಕಟ್ಟಿಕೊಂಡು ಬಲು ಖುಷಿಯಿಂದ ನಿಂತಿದ್ದಳು.

‘ಗೊತ್ತಿದ್ರೆ ಮೊದಲೇ ಹೇಳೋದಲ್ವೇನೇ ಪುಟ್ಟಿ?’ ಅಂದರು ಅತ್ತಿಗೆ.

‘ಮಾಮ ಪುಟ ತಿರುಗಿಸ್ಲಿ ಅಂತ ಕಾಯ್ತಿದ್ದೆ ಅತ್ತೆ.’

ಮನೆಗೆ ಬಂದ ಮೇಲೆ ಅವಳೇ ಮಾಮನ ಕೈಗೆ ಗುರು-ಶಿಷ್ಯರ ಪುಸ್ತಕ ಕೊಟ್ಟಳು. ಅಣ್ಣ ಕನ್ನಡಕ ಏರಿಸಿ, ಒಂದೊಂದೇ ಚೌಕ ಬಿಡದೆ, ಪೂರ್ತಿ ಓದಿದ. ಕೊನೆಗೆ ಪುಸ್ತಕ ಮಡಚಿ ಕೇಳಿದ: ‘ಇದ್ರಲ್ಲಿ ತಪ್ಪೇನಿದೆ? ಎಣಿಸೋನು ಯಾವತ್ತಾದ್ರೂ ಸ್ಟಾಕಿಗೆ ಸೇರ್ತಾನಾ?’